ಮತದಾರರನ್ನೇ ಬದಲಿಸಿದ ಕಾನೂನು: ಝಾರ್ ಕಾಲದ ಡೂಮಾ, 1906–1917

ರಷ್ಯದ ಜನ ಆರಿಸಿ ಕಳಿಸಿದ ಮೊಟ್ಟಮೊದಲ ಶಾಸನಸಭೆಯಾದ ಡೂಮಾದ ಮುಂದೆ ಸರ್ಕಾರ ಇಟ್ಟ ಮೊದಲ ಮಸೂದೆ ಒಂದು ಬಟ್ಟೆ ಒಗೆಯುವ ಮನೆಯದು. ಈಗ ಎಸ್ಟೋನಿಯಾದಲ್ಲಿರುವ, ಆಗ ಯೂರ್ಯೆವ್ ಎಂದು ಕರೆಯುತ್ತಿದ್ದ ಊರಿನ ವಿಶ್ವವಿದ್ಯಾಲಯಕ್ಕೆ ಒಂದು ಧೋಬಿಖಾನೆ ಬೇಕಿತ್ತು. ಜೊತೆಗೆ ತಾಳೆಗಿಡ ಬೆಳೆಸಲು ಒಂದು ಗಾಜಿನ ಮನೆ. ಎರಡಕ್ಕೂ ಸೇರಿ ಸುಮಾರು 40 ಸಾವಿರ ರೂಬಲ್ ಮಂಜೂರು ಮಾಡಬೇಕೆಂದು ಮಂತ್ರಿಗಳು ಕೇಳಿದ್ದರು.

ಅದು 1906ರ ಮೇ ತಿಂಗಳು. ಹಿಂದಿನ ವರ್ಷವಷ್ಟೇ ಹಳ್ಳಿಹಳ್ಳಿಗಳಲ್ಲಿ ಜಮೀನ್ದಾರರ ಬಂಗಲೆಗಳು ಉರಿದಿದ್ದವು. ಜಪಾನಿನ ಕೈಯಲ್ಲಿ ಸಾಮ್ರಾಜ್ಯ ಸೋತಿತ್ತು. ರಾಜಕೀಯ ಕೈದಿಗಳಿಂದ ಜೈಲುಗಳು ತುಂಬಿದ್ದವು. ಸಭೆಯಲ್ಲಿ ಕೂತಿದ್ದ ನೂರಾರು ರೈತರು ಭೂಮಿಯ ಮಾತು ಎತ್ತಲೆಂದೇ ದೂರದಿಂದ ಪ್ರಯಾಣ ಮಾಡಿ ರಾಜಧಾನಿಗೆ ಬಂದವರು. ಅವರ ಎದುರು ಇಟ್ಟದ್ದು ಧೋಬಿಖಾನೆ. ಆ ಸಭೆಯನ್ನು ಕರೆದವರು ಅದನ್ನು ಏನೆಂದು ತಿಳಿದಿದ್ದರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ನನಗೆ ಬೇರೆ ಕಂಡಿಲ್ಲ.

ಝಾರ್ ಎರಡನೇ ನಿಕೊಲಸ್ ಇಷ್ಟಪಟ್ಟು ಕೊಟ್ಟ ಸಭೆಯಲ್ಲ ಅದು. ಪಟ್ಟಕ್ಕೆ ಬಂದ ಹೊಸತರಲ್ಲಿ, 1895ರ ಜನವರಿಯಲ್ಲಿ, ಜಿಲ್ಲಾ ಸ್ವಯಮಾಡಳಿತ ಸಂಸ್ಥೆಗಳಾದ ಜೆಮ್‌ಸ್ತ್ವೊಗಳ ಪ್ರತಿನಿಧಿಗಳು ಶುಭ ಕೋರಲು ಬಂದಿದ್ದರು. ಜನರ ದನಿಯೂ ಸಿಂಹಾಸನಕ್ಕೆ ಕೇಳಿಸಲಿ ಎಂದು ತ್ವೇರ್ ಪ್ರಾಂತ್ಯದವರು ಬಹಳ ವಿನಯದಿಂದ ಬರೆದಿದ್ದರು. ಆಡಳಿತದಲ್ಲಿ ಭಾಗ ಕೇಳುವುದು ಅರ್ಥವಿಲ್ಲದ ಕನಸು ಎಂದು ದೊರೆ ಎದುರಿಗೇ ಹೇಳಿದ. ಆ ಮನವಿ ಬರೆದಿದ್ದ ಫ್ಯೋದರ್ ರೋದಿಚೆವ್ ಎಂಬ ವಕೀಲನಿಗೆ ಸಾರ್ವಜನಿಕ ಹುದ್ದೆಗಳಿಗೆ ನಿಲ್ಲುವ ಹಕ್ಕೇ ಹೋಯಿತು. ಈತ ಮುಂದೆ ಇನ್ನೊಮ್ಮೆ ನಮಗೆ ಎದುರಾಗುತ್ತಾನೆ.

ಹತ್ತು ವರ್ಷದ ನಂತರ ಆ ಕನಸು ಬಾಗಿಲು ಬಡಿಯಿತು. 1905ರ ಜನವರಿ 9ರ ಭಾನುವಾರ ಅರ್ಜಿ ಹಿಡಿದು ಅರಮನೆಯತ್ತ ನಡೆದ ಕಾರ್ಮಿಕರ ಮೇಲೆ ಗುಂಡು ಹಾರಿತು. (ಆಗಿನ ರಷ್ಯದ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದಿತ್ತು, ಇಲ್ಲಿನ ತಾರೀಖುಗಳೆಲ್ಲ ಅವರ ಲೆಕ್ಕದವು.) ಆಗಸ್ಟ್‌ನಲ್ಲಿ ಸರ್ಕಾರ ಬರೀ ಸಲಹೆ ಕೊಡುವ ಒಂದು ಡೂಮಾ ಕೊಡುತ್ತೇನೆಂದಿತು. ಇಂಥ ಸಭೆ ಮೈಸೂರಿನವರಿಗೆ ಹೊಸದಲ್ಲ. ದಿವಾನ್ ರಂಗಾಚಾರ್ಲು 1881ರಲ್ಲಿ ಶುರುಮಾಡಿದ ಪ್ರಜಾಪ್ರತಿನಿಧಿ ಸಭೆಯಲ್ಲೂ ಅಹವಾಲು ಹೇಳಿಕೊಳ್ಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಮೈಸೂರಿನಲ್ಲಿ ಅದೊಂದು ದೊಡ್ಡ ಹೆಜ್ಜೆಯೇ ಆಗಿತ್ತು. ರಷ್ಯದಲ್ಲಿ ಆ ಕಾಲ ಮೀರಿತ್ತು. ಅಕ್ಟೋಬರ್‌ನಲ್ಲಿ ರೈಲು ನಿಂತಿತು, ತಂತಿ ನಿಂತಿತು, ಕಾರ್ಖಾನೆ, ಅಂಗಡಿ, ಪತ್ರಿಕೆ ಎಲ್ಲ ನಿಂತವು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧಿ ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಆ ನವೆಂಬರ್ ತಿಂಗಳೇ ಈ ಮುಷ್ಕರದ ಬಗ್ಗೆ ಬರೆದು, ದಬ್ಬಾಳಿಕೆಗೆ ರಷ್ಯದವರು ಕಂಡುಕೊಂಡ ಈ ಮದ್ದು ನಮಗೂ ಸಲ್ಲುತ್ತದೆ ಎಂದರು.

ಅಕ್ಟೋಬರ್ 17ರಂದು ದೊರೆ ಸಹಿ ಹಾಕಿದ ಘೋಷಣೆಯಲ್ಲಿ ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ, ಮತ್ತು ಡೂಮಾದ ಒಪ್ಪಿಗೆಯಿಲ್ಲದೆ ಯಾವ ಕಾನೂನೂ ಜಾರಿಯಾಗದು ಎಂಬ ವಚನವಿತ್ತು. ಅದನ್ನು ಬರೆಸಿದ್ದು ಸೆರ್ಗೇಯ್ ವಿಟ್ಟೆ, ರೈಲ್ವೆಯ ಲೆಕ್ಕಪತ್ರ ನೋಡುತ್ತ ಮೇಲೆ ಬಂದ ಆಡಳಿತಗಾರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಆತನ ನೀತಿ. ದೊರೆಯಾದರೋ ಕೊಟ್ಟ ಮಾತನ್ನು ಬಲವಂತಕ್ಕೆ ಕೊಟ್ಟದ್ದೆಂದೇ ಕೊನೆಯವರೆಗೂ ನಂಬಿದ್ದ.

ಯಾರಿಗೆ ಮತ ಕೊಡಬೇಕು ಎಂಬ ಪ್ರಶ್ನೆಯಲ್ಲಿ ಸರ್ಕಾರ ಹಾಕಿದ ಲೆಕ್ಕ ಗಮನಿಸುವಂಥದ್ದು. ಡಿಸೆಂಬರ್ 11ರ ಕಾನೂನು ಮತದಾರರನ್ನು ಭೂಮಾಲೀಕರು, ಪಟ್ಟಣದವರು, ರೈತರು, ಕಾರ್ಮಿಕರು ಎಂದು ಬೇರೆಬೇರೆ ಪಂಗಡ ಮಾಡಿತು. ಹೆಂಗಸರಿಗೆ, ಸೈನಿಕರಿಗೆ, ವಿದ್ಯಾರ್ಥಿಗಳಿಗೆ, 25 ತುಂಬದವರಿಗೆ ಮತವಿಲ್ಲ. ರೈತ ನೇರವಾಗಿ ಪ್ರತಿನಿಧಿಯನ್ನು ಆರಿಸುವಂತಿಲ್ಲ. ಆತ ಊರಲ್ಲಿ ಒಬ್ಬನನ್ನು ಆರಿಸಬೇಕು, ಆತ ಹೋಬಳಿಯಲ್ಲಿ, ಅಲ್ಲಿಂದ ಜಿಲ್ಲೆ, ಅಲ್ಲಿಂದ ಪ್ರಾಂತ್ಯ, ಹೀಗೆ ನಾಲ್ಕು ಮೆಟ್ಟಿಲು. ಒಬ್ಬ ಭೂಮಾಲೀಕನ ಮತಕ್ಕೆ 15 ರೈತರ ಮತ ಸಮ, 45 ಕಾರ್ಮಿಕರ ಮತ ಸಮ. ಆದರೂ ಮುಂದೆ ಬಂದ ಕಾನೂನಿಗೆ ಹೋಲಿಸಿದರೆ ಇದು ಧಾರಾಳವೇ. ಪ್ರಾಂತ್ಯಗಳಲ್ಲಿ ಅಂತಿಮ ಮತ ಹಾಕುವವರಲ್ಲಿ ಶೇ 42ರಷ್ಟು ಜನ ರೈತರೇ ಆಗಿದ್ದರು. ಯಾಕೆಂದರೆ, ಹಳ್ಳಿಯವನು ದೈವಭಕ್ತ, ರಾಜಭಕ್ತ, ಪಟ್ಟಣದ ವಕೀಲರ ಗದ್ದಲವನ್ನು ಆತನೇ ತಣ್ಣಗಾಗಿಸುತ್ತಾನೆ ಎಂದು ಅರಮನೆ ನಂಬಿತ್ತು.

ಹಳ್ಳಿಯವನು ರಾಜಭಕ್ತನಾಗಿದ್ದುದು ನಿಜ. ಆದರೆ ದೊರೆ ಒಳ್ಳೆಯವನಾದರೆ ಉಳುವ ನೆಲವನ್ನು ಉಳುವವನಿಗೆ ಕೊಡಿಸುತ್ತಾನೆ ಎಂಬುದೂ ಅದೇ ಭಕ್ತಿಯ ಇನ್ನೊಂದು ಅರ್ಧವಾಗಿತ್ತು. ಬೊಲ್ಶೆವಿಕರು ಮತ್ತು ರೈತಪರ ಸಮಾಜವಾದಿಗಳಾದ ಸೋಷಿಯಲಿಸ್ಟ್ ರೆವಲ್ಯೂಷನರಿಗಳು ಚುನಾವಣೆ ಬಹಿಷ್ಕರಿಸಿದರು. ರೈತರು ಅವರ ಮಾತು ಕೇಳಲಿಲ್ಲ. ಊರೊಟ್ಟಿನ ಸಭೆಗಳಲ್ಲಿ ಕೂತು ಬೇಡಿಕೆಗಳನ್ನು ಬರೆಸಿ, ಓದು ಬಾರದವರು ಹೆಬ್ಬೆಟ್ಟು ಒತ್ತಿ, ತಮ್ಮ ಪ್ರತಿನಿಧಿಯ ಕೈಗೆ ಕೊಟ್ಟು ಕಳಿಸಿದರು. ಇವು ದೊರೆಗೆ ಕೈಮುಗಿಯುವ ಅರ್ಜಿಗಳಲ್ಲ. ನಮ್ಮವನು ನಮಗಾಗಿ ಇದನ್ನು ಮಾಡಲೇಬೇಕು ಎಂಬ ಆದೇಶಗಳು. ಮತಪೆಟ್ಟಿಗೆಯ ಮುಖವನ್ನೇ ಕಾಣದ ಜನ ಮೊದಲ ಸಲವೇ ಪ್ರಾತಿನಿಧ್ಯದ ತಿರುಳನ್ನು ಇಷ್ಟು ಚೆನ್ನಾಗಿ ಹಿಡಿದದ್ದು ದೊಡ್ಡ ಸಂಗತಿ. ಮುಂದೆ ಏನೇ ನಡೆದಿರಲಿ, ರಷ್ಯದವರಿಗೆ ಪ್ರಜಾಪ್ರಭುತ್ವ ಒಗ್ಗದು ಎನ್ನುವವರು ಈ ಕಾಗದಗಳನ್ನು ಮರೆಯಬಾರದು.

ಫಲಿತಾಂಶ ಬಂದಾಗ ಅರಮನೆ ಬೆಚ್ಚಿತು. ಸಂವಿಧಾನವಾದಿಗಳ ಕಡೆಟ್ ಪಕ್ಷಕ್ಕೆ ಸುಮಾರು 180 ಸ್ಥಾನ. ಪ್ರಾಧ್ಯಾಪಕರು, ವಕೀಲರು, ಉದಾರಿ ಜಮೀನ್ದಾರರ ಪಕ್ಷ ಇದು. ಇತಿಹಾಸಕಾರ ಪಾವೆಲ್ ಮಿಲ್ಯುಕೋವ್ ಅದರ ನಾಯಕ. ರೈತ ಪ್ರತಿನಿಧಿಗಳಲ್ಲಿ ನೂರರಷ್ಟು ಜನ ‘ತ್ರುದೊವಿಕ್’ ಎಂದು, ಅಂದರೆ ದುಡಿಯುವವರ ಗುಂಪು ಎಂದು ಬೇರೆ ಕೂತರು. ಸರ್ಕಾರದ ಪರವಾಗಿ ನಿಲ್ಲುವವರು ಬೆರಳೆಣಿಕೆಯಷ್ಟು.

ಸಭೆ ಸೇರಲು ನಾಲ್ಕು ದಿನವಿದೆ ಎನ್ನುವಾಗ, ಏಪ್ರಿಲ್ 23ರಂದು, ದೊರೆ ಮೂಲ ಕಾನೂನುಗಳನ್ನು ತಾನೇ ಹೊರಡಿಸಿದ. ‘ಅಪರಿಮಿತ’ ಎಂಬ ವಿಶೇಷಣ ಹೋಯಿತು, ‘ನಿರಂಕುಶ ಪರಮಾಧಿಕಾರ’ ಉಳಿಯಿತು. ಮಂತ್ರಿಗಳು ದೊರೆಗೆ ಮಾತ್ರ ಉತ್ತರದಾಯಿಗಳು. ಸೈನ್ಯ, ವಿದೇಶ ವ್ಯವಹಾರ, ಅರಮನೆಯ ಖರ್ಚು ಡೂಮಾದ ಕೈಗೆ ಎಟುಕವು. ಮೇಲ್ಮನೆಯಾದ ರಾಜ್ಯ ಪರಿಷತ್ತಿನ ಅರ್ಧ ಸದಸ್ಯರನ್ನು ದೊರೆಯೇ ನೇಮಿಸುತ್ತಾನೆ. ಎಲ್ಲಕ್ಕಿಂತ ಮುಖ್ಯವಾದದ್ದು 87ನೇ ವಿಧಿ: ಡೂಮಾ ಸೇರದಿರುವಾಗ ತುರ್ತಿದ್ದರೆ ಸುಗ್ರೀವಾಜ್ಞೆ ಹೊರಡಿಸಬಹುದು. ಆದರೆ ಮೂಲ ಕಾನೂನನ್ನಾಗಲಿ ಚುನಾವಣಾ ಕಾನೂನನ್ನಾಗಲಿ ಈ ದಾರಿಯಲ್ಲಿ ಮುಟ್ಟುವಂತಿಲ್ಲ. ಇದು ದೊರೆ ತಾನೇ ಬರೆದುಕೊಂಡ ನಿಯಮ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಏಪ್ರಿಲ್ 27ರಂದು ಪೀಟರ್ಸ್‌ಬರ್ಗಿನ ಚಳಿಗಾಲದ ಅರಮನೆಯಲ್ಲಿ ಪ್ರಾರಂಭೋತ್ಸವ. ಒಂದು ಕಡೆ ಜರತಾರಿ ಸಮವಸ್ತ್ರದ ಆಸ್ಥಾನಿಕರು, ಇನ್ನೊಂದು ಕಡೆ ಉದ್ದ ಕೋಟು, ಕೆಸರು ಬೂಟಿನ ರೈತರು, ಕಪ್ಪು ಸೂಟಿನ ವಕೀಲರು. ಅಲ್ಲಿದ್ದ ಹಣಕಾಸು ಮಂತ್ರಿ ವ್ಲಾದಿಮಿರ್ ಕೊಕೊವ್ತ್ಸೋವ್ ತನ್ನ ನೆನಪುಗಳಲ್ಲಿ ಬರೆದಿರುವಂತೆ, ಆ ಮುಖಗಳಲ್ಲಿ ಕಂಡ ದ್ವೇಷದಿಂದ ದೊರೆಯ ತಾಯಿ ಬಹಳ ದಿನ ಚೇತರಿಸಿಕೊಳ್ಳಲಿಲ್ಲ. ಅಲ್ಲಿಂದ ಪ್ರತಿನಿಧಿಗಳು ದೋಣಿ ಹತ್ತಿ ನೆವಾ ನದಿಯಲ್ಲಿ, ಸಭೆ ನಡೆಯಬೇಕಿದ್ದ ಟಾರೀಡ್ ಅರಮನೆಗೆ ಹೊರಟರು. ದಾರಿಯಲ್ಲಿ ಕ್ರೆಸ್ತಿ ಜೈಲು. ಕಂಬಿಗಳ ಸಂದಿನಿಂದ ಕೈದಿಗಳು ಕರವಸ್ತ್ರ ಬೀಸಿದರು. ಸಭೆ ಸೇರಿ, ರೋಮನ್ ಕಾನೂನಿನ ಪ್ರಾಧ್ಯಾಪಕ ಸೆರ್ಗೇಯ್ ಮುರೊಮ್ತ್ಸೆವ್ ಅಧ್ಯಕ್ಷನಾಗುತ್ತಲೇ ಮೊದಲು ಎದ್ದ ಇವಾನ್ ಪೆತ್ರುಂಕೆವಿಚ್ ಕೇಳಿದ್ದು ಆ ಕೈದಿಗಳ ಕ್ಷಮಾದಾನವನ್ನು.

ಸಭೆ ದೊರೆಗೆ ಬರೆದ ಉತ್ತರದಲ್ಲಿ ಕ್ಷಮಾದಾನ, ಸಭೆಗೆ ಉತ್ತರದಾಯಿಯಾದ ಮಂತ್ರಿಮಂಡಲ, ಪರಿಹಾರ ಕೊಟ್ಟು ಜಮೀನ್ದಾರರ ಭೂಮಿಯನ್ನು ರೈತರಿಗೆ ಹಂಚುವುದು ಇವೆಲ್ಲ ಇದ್ದವು. ದೊರೆ ಅದನ್ನು ಒಯ್ದವರ ಮುಖ ನೋಡಲೂ ಒಪ್ಪಲಿಲ್ಲ. ಮೇ 13ರಂದು ಪ್ರಧಾನಿ, ವಯೋವೃದ್ಧ ಗೊರೆಮೀಕಿನ್, ಭೂಸ್ವಾಧೀನ ಸಾಧ್ಯವೇ ಇಲ್ಲ ಎಂದು ಕಾಗದದಿಂದ ಓದಿ ಹೇಳಿದ. ಆಗ ವೇದಿಕೆಗೆ ಬಂದ ವ್ಲಾದಿಮಿರ್ ದ್ಮಿತ್ರಿಯೆವಿಚ್ ನಬೊಕೊವ್, ಕಾರ್ಯಾಂಗವು ಶಾಸಕಾಂಗಕ್ಕೆ ತಲೆಬಾಗಲಿ ಎಂದು ಮಾತು ಮುಗಿಸಿದ. ಈತನ ಮಗನೇ ಮುಂದೆ ಪ್ರಖ್ಯಾತನಾದ ಕಾದಂಬರಿಕಾರ. ಇಂಥ ಮಾತನ್ನು ರಷ್ಯದ ನೆಲದಲ್ಲಿ ಅಧಿಕಾರದ ಮುಖಕ್ಕೆ ನೇರವಾಗಿ ಹೇಳಿದ್ದು ಅದೇ ಮೊದಲು.

72 ದಿನಕ್ಕೆ ಸಭೆ ವಿಸರ್ಜನೆಯಾಯಿತು. ಜುಲೈ 9ರ ಭಾನುವಾರ ಬಂದವರಿಗೆ ಬಾಗಿಲಲ್ಲಿ ಬೀಗ, ಸುತ್ತ ಸೈನಿಕರು. ಸುಮಾರು ಇನ್ನೂರು ಪ್ರತಿನಿಧಿಗಳು ರೈಲು ಹತ್ತಿ ಫಿನ್ಲೆಂಡಿನ ವೀಬೊರ್ಗ್ ಊರಿಗೆ ಹೋದರು. ಅಲ್ಲಿನ ಹೋಟೆಲೊಂದರಲ್ಲಿ ಕೂತು, ಹೊಸ ಡೂಮಾ ಸೇರುವ ತನಕ ತೆರಿಗೆ ಕಟ್ಟಬೇಡಿ, ಸೈನ್ಯಕ್ಕೆ ಮಕ್ಕಳನ್ನು ಕಳಿಸಬೇಡಿ ಎಂದು ಜನರಿಗೆ ಕರೆ ಕೊಟ್ಟರು. ಜನ ಕದಲಲಿಲ್ಲ. ಸಹಿ ಹಾಕಿದವರಿಗೆ ಮೂರು ತಿಂಗಳ ಜೈಲು. ಅದಕ್ಕಿಂತ ದೊಡ್ಡ ಶಿಕ್ಷೆ, ಮುಂದೆ ಚುನಾವಣೆಗೆ ನಿಲ್ಲುವ ಹಕ್ಕು ಹೋದದ್ದು. ಮುರೊಮ್ತ್ಸೆವ್, ನಬೊಕೊವ್, ಪೆತ್ರುಂಕೆವಿಚ್, ಹೀಗೆ ಸಂಸದೀಯ ರಾಜಕಾರಣಕ್ಕೆ ತಕ್ಕವರು ಎನ್ನಬಹುದಾದ ಒಂದು ಇಡೀ ತಲೆಮಾರು ಒಂದೇ ಏಟಿಗೆ ಹೊರಬಿತ್ತು. (ನಬೊಕೊವ್ 1922ರಲ್ಲಿ ಬರ್ಲಿನ್ನಿನಲ್ಲಿ ದೇಶಭ್ರಷ್ಟನಾಗಿದ್ದಾಗ, ಮಿಲ್ಯುಕೋವ್‌ಗೆ ಗುರಿಯಿಟ್ಟ ರಾಜಪಕ್ಷದ ಬಂದೂಕುಗಾರನನ್ನು ಹಿಡಿಯಲು ಹೋಗಿ ತಾನೇ ಗುಂಡಿಗೆ ಬಲಿಯಾದ.)

ಹೊಸ ಪ್ರಧಾನಿಯಾಗಿ ಬಂದವನು ಪ್ಯೋತ್ರ್ ಸ್ತೊಲಿಪಿನ್. ಸರಾತೊವ್ ಪ್ರಾಂತ್ಯದ ಗವರ್ನರ್ ಆಗಿ ರೈತ ದಂಗೆಗಳ ನಡುವೆ ಒಬ್ಬನೇ ನುಗ್ಗುತ್ತಿದ್ದವನು. ಎತ್ತರದ ಆಳು, ಒಳ್ಳೆಯ ಮಾತುಗಾರ. ಆಗಸ್ಟ್ 12ರಂದು ಆತನ ಮನೆಯಲ್ಲಿ ಬಾಂಬು ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಆತನ ಮಗಳ ಕಾಲುಗಳು ನಜ್ಜುಗುಜ್ಜಾದವು. ಒಂದೇ ವಾರದಲ್ಲಿ, 87ನೇ ವಿಧಿಯ ಅಡಿಯಲ್ಲಿ, ಬಯಲು ಸೇನಾ ನ್ಯಾಯಾಲಯಗಳು ಬಂದವು. ವಕೀಲರಿಲ್ಲ, ಮೇಲ್ಮನವಿಯಿಲ್ಲ, ಎರಡು ದಿನದೊಳಗೆ ತೀರ್ಪು, ಮರುದಿನ ನೇಣು. ನೂರಾರು ಜನ ಹೀಗೆ ಹೋದರು. ಅದೇ ವಿಧಿಯ ಅಡಿಯಲ್ಲಿ ನವೆಂಬರ್ 9ರಂದು ಊರೊಟ್ಟಿನ ಭೂಮಿಯಿಂದ ರೈತ ತನ್ನ ಪಾಲನ್ನು ಬೇರೆ ಮಾಡಿಕೊಳ್ಳಬಹುದೆಂಬ ಸುಗ್ರೀವಾಜ್ಞೆಯೂ ಬಂತು. ಸ್ತೊಲಿಪಿನ್‌ನನ್ನು ಬರೀ ಕ್ರೂರಿ ಎಂದು ಬಿಡುವುದು ಸುಲಭ, ಆದರೆ ಆತ ನಿಜಕ್ಕೂ ರೈತನನ್ನು ಮಾಲೀಕನನ್ನಾಗಿ ಮಾಡಬೇಕೆಂದಿದ್ದ. ಆ ರೈತನನ್ನು ಕೇಳದೆ ಮಾಡಬೇಕೆಂದಿದ್ದ ಎಂಬುದೇ ಆತನ ದೋಷ.

ಎರಡನೇ ಡೂಮಾದ ಚುನಾವಣೆಯಲ್ಲಿ ಸರ್ಕಾರ ಕೈಕಟ್ಟಿ ಕೂರಲಿಲ್ಲ. ಕಡೆಟ್ ಪಕ್ಷದ ನೋಂದಣಿಗೆ ಒಪ್ಪಲಿಲ್ಲ, ಪತ್ರಿಕೆ ಮುಚ್ಚಿಸಿತು. ಸೆನೆಟ್ ಎಂಬ ಉನ್ನತ ನ್ಯಾಯಮಂಡಳಿ ‘ವಿವರಣೆ’ಗಳ ಮೇಲೆ ವಿವರಣೆ ಕೊಟ್ಟು ಪಟ್ಟಿಯಿಂದ ಹೆಸರು ಹೊಡೆಯಿತು. ಆದರೂ 1907ರ ಫೆಬ್ರುವರಿ 20ರಂದು ಸೇರಿದ ಸಭೆ ಮೊದಲಿನದಕ್ಕಿಂತ ಎಡಕ್ಕಿತ್ತು. ನಡುವಿನ ಕಡೆಟ್ಟರು ನೂರಕ್ಕೆ ಇಳಿದಿದ್ದರು, ತ್ರುದೊವಿಕ್ಕರು ನೂರು ದಾಟಿದ್ದರು, ಈ ಸಲ ಬಹಿಷ್ಕಾರ ಬಿಟ್ಟ ಬೊಲ್ಶೆವಿಕರೂ ಸೇರಿದ ಸೋಷಿಯಲ್ ಡೆಮಾಕ್ರಾಟರು 65 ಜನ, ಸೋಷಿಯಲಿಸ್ಟ್ ರೆವಲ್ಯೂಷನರಿಗಳು 37. ಇನ್ನೊಂದು ತುದಿಯಲ್ಲಿ ಯೆಹೂದಿ ದ್ವೇಷವೇ ಬಂಡವಾಳವಾದ ಕಟ್ಟಾ ರಾಜಪಕ್ಷದವರೂ ಬಂದಿದ್ದರು. ಮಾತಾಡಬಲ್ಲವರನ್ನು ಹೊರಗಿಟ್ಟಾಗ ಕೂಗುವವರು ಒಳಗೆ ಬರುತ್ತಾರೆ.

ಆ ವರ್ಷದ ಮಾರ್ಚ್‌ನಲ್ಲಿ, ಅದೇ ದೊರೆಯ ಆಳ್ವಿಕೆಯಲ್ಲಿದ್ದ ಫಿನ್ಲೆಂಡಿನಲ್ಲಿ, ವಯಸ್ಕರೆಲ್ಲರಿಗೂ ಮತ ಕೊಟ್ಟ ಚುನಾವಣೆ ನಡೆದು 19 ಹೆಂಗಸರು ಸಂಸತ್ತಿಗೆ ಬಂದರು. ಜಗತ್ತಿನ ಮೊದಲ ಮಹಿಳಾ ಸಂಸದರು ಅವರು. ಆಗ ಪೀಟರ್ಸ್‌ಬರ್ಗಿನಿಂದ ರೈಲಿನಲ್ಲಿ ಹೊರಟರೆ ಫಿನ್ಲೆಂಡಿನ ಗಡಿ ಒಂದು ಗಂಟೆಯ ಆಸುಪಾಸಿನ ದಾರಿಯಾಗಿತ್ತು.

ಮಾರ್ಚ್ 2ರ ಬೆಳಗಿನ ಜಾವ ಟಾರೀಡ್ ಅರಮನೆಯ ಸಭಾಂಗಣದ ಚಾವಣಿಯ ಗಾರೆ ಕುಸಿದು ಪ್ರತಿನಿಧಿಗಳ ಆಸನಗಳ ಮೇಲೆ ಬಿತ್ತು. ಹಗಲಾಗಿದ್ದರೆ ಹಲವರು ಸಾಯುತ್ತಿದ್ದರು. ಮಾರ್ಚ್ 6ರಂದು ಬೇರೊಂದು ಕಟ್ಟಡದಲ್ಲಿ ಸ್ತೊಲಿಪಿನ್ ತನ್ನ ಸುಧಾರಣೆಗಳ ಪಟ್ಟಿ ಓದಿದ. ಜಾರ್ಜಿಯಾದ ಯುವಕ ಇರಾಕ್ಲಿ ತ್ಸೆರೆತೆಲಿ ಎದ್ದು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡ. ನಿಮ್ಮ ಬೆದರಿಕೆಗೆ ನಾವು ಹೆದರುವುದಿಲ್ಲ ಎಂದು ಸ್ತೊಲಿಪಿನ್ ಉತ್ತರ ಕೊಟ್ಟ. ಮೇ 10ರಂದು ಭೂಮಿಯ ಚರ್ಚೆಯಲ್ಲಿ, ಅವರಿಗೆ ಬೇಕಾದದ್ದು ದೊಡ್ಡ ತಲ್ಲಣ, ನಮಗೆ ಬೇಕಾದದ್ದು ದೊಡ್ಡ ರಷ್ಯ ಎಂದ. ಮಾತುಗಳು ಇಂದಿಗೂ ಉಳಿದಿವೆ. ಆದರೆ ಆ ಮಾತುಗಳನ್ನಾಡುವ ಹೊತ್ತಿಗೆ ಒಳಾಡಳಿತ ಇಲಾಖೆಯ ಸೆರ್ಗೇಯ್ ಕ್ರಿಝನೊವ್‌ಸ್ಕಿ ಎಂಬ ಅಧಿಕಾರಿ ಹೊಸ ಚುನಾವಣಾ ಕಾನೂನು ಬರೆಯುತ್ತಿದ್ದ.

ಆತ ಒಂದಕ್ಕಿಂತ ಹೆಚ್ಚು ಕರಡುಗಳನ್ನು ಮಾಡಿದ್ದ. ಅವುಗಳಲ್ಲಿ ಒಂದಕ್ಕೆ ಮಂತ್ರಿಗಳೇ ‘ನಾಚಿಕೆಗೆಟ್ಟದ್ದು’ ಎಂದು ಹೆಸರಿಟ್ಟಿದ್ದರು. ಆರಿಸಿಕೊಂಡದ್ದು ಅದನ್ನೇ. ತನ್ನ ಒಪ್ಪಿಗೆಯೂ ನಾಚಿಕೆಗೆಟ್ಟದ್ದಕ್ಕೇ ಎಂದು ದೊರೆ ಹೇಳಿದನೆಂದು ಕ್ರಿಝನೊವ್‌ಸ್ಕಿ ನೆನಪಿಸಿಕೊಂಡಿದ್ದಾನೆ.

ಜೂನ್ 1ರಂದು ಸ್ತೊಲಿಪಿನ್ 55 ಸೋಷಿಯಲ್ ಡೆಮಾಕ್ರಾಟ್ ಪ್ರತಿನಿಧಿಗಳ ಮೇಲೆ ಪಿತೂರಿಯ ಆರೋಪ ಹೊರಿಸಿ, ಅವರನ್ನು ಸಭೆಯಿಂದ ಹೊರಗಿಡಬೇಕು, ಕೆಲವರನ್ನು ಬಂಧನಕ್ಕೆ ಒಪ್ಪಿಸಬೇಕು ಎಂದು ಪಟ್ಟುಹಿಡಿದ. ಸಭೆ ಸಮಿತಿ ಮಾಡಿ ಪುರಾವೆ ನೋಡತೊಡಗಿತು. ಪುರಾವೆ ನೋಡುವುದು ಸರ್ಕಾರಕ್ಕೆ ಬೇಕಿರಲಿಲ್ಲ. 103 ದಿನದ ಸಭೆ ಅಲ್ಲಿಗೆ ಮುಗಿಯಿತು. ಜೂನ್ 3ರ ಬೆಳಗ್ಗೆ ವಿಸರ್ಜನೆಯ ಘೋಷಣೆಯ ಜೊತೆಯಲ್ಲೇ ಹೊಸ ಚುನಾವಣಾ ಕಾನೂನೂ ಅಚ್ಚಾಗಿ ಬಂತು. ಡೂಮಾವನ್ನು ಕೇಳದೆ ಮುಟ್ಟಲೇಬಾರದೆಂದು ದೊರೆ ತಾನೇ ಬರೆದಿದ್ದ ಕಾನೂನುಗಳಲ್ಲಿ ಒಂದು ಅದು. ದೇವರು ಕೊಟ್ಟ ಅಧಿಕಾರದಿಂದ ಇದನ್ನು ಮಾಡುತ್ತಿದ್ದೇನೆ, ಡೂಮಾ ಭಾವದಲ್ಲಿಯೂ ರಷ್ಯನ್ ಆಗಿರಬೇಕು ಎಂದು ಘೋಷಣೆ ಹೇಳಿತು.

ಕಾನೂನಿನ ಕೆಲಸ ಹೇಗಿತ್ತು ನೋಡಿ. ಪ್ರಾಂತ್ಯಗಳ ಅಂತಿಮ ಮತದಾರರಲ್ಲಿ ರೈತರ ಪಾಲು ಶೇ 42ರಿಂದ 22ಕ್ಕೆ ಇಳಿಯಿತು. ಭೂಮಾಲೀಕರ ಪಾಲು ಅರ್ಧಕ್ಕೆ ಏರಿತು. ಒಬ್ಬ ಭೂಮಾಲೀಕನ ಮತ ಈಗ 260 ರೈತರ, 543 ಕಾರ್ಮಿಕರ ಮತಕ್ಕೆ ಸಮ. ಮಧ್ಯ ಏಷ್ಯಕ್ಕೆ ಒಂದೂ ಸ್ಥಾನ ಉಳಿಯಲಿಲ್ಲ, ಪೋಲೆಂಡ್ ಮತ್ತು ಕಾಕಸಸ್ ಪ್ರತಿನಿಧಿಗಳನ್ನು ಅರ್ಧಕ್ಕಿಂತ ಕಡಿಮೆ ಮಾಡಲಾಯಿತು. ಸಭೆಯ ಒಟ್ಟು ಸ್ಥಾನ 442. ಪ್ರತಿ ಪ್ರಾಂತ್ಯದಿಂದ ಒಬ್ಬ ರೈತ ಬರಲೇಬೇಕೆಂಬ ನಿಯಮವನ್ನು ತೆಗೆಯಲಿಲ್ಲ. ಆದರೆ ಮೊದಲು ಆತನನ್ನು ರೈತರು ತಾವೇ ಕೂತು ಆರಿಸುತ್ತಿದ್ದರು. ಈಗ ಆರಿಸುವುದು ಭೂಮಾಲೀಕರೇ ತುಂಬಿದ ಇಡೀ ಪ್ರಾಂತ್ಯದ ಸಭೆ. ಹಳ್ಳಿಯ ಪರವಾಗಿ ಯಾವ ರೈತ ಮಾತಾಡಬೇಕೆಂಬುದನ್ನು ಆ ಹಳ್ಳಿಯ ಜಮೀನ್ದಾರ ತೀರ್ಮಾನಿಸುತ್ತಾನೆ. ಮತದಾನ ರದ್ದಾಗಲಿಲ್ಲ, ಪೆಟ್ಟಿಗೆ ಕದಿಯಲಿಲ್ಲ, ಎಣಿಕೆಯಲ್ಲಿ ಮೋಸವಿಲ್ಲ. ಎಲ್ಲ ಕಾನೂನಿನ ಪ್ರಕಾರವೇ.

ಎರಡು ಚುನಾವಣೆಗಳು ಎರಡು ಸಲ ಒಂದೇ ಸುದ್ದಿ ತಂದಿದ್ದವು: ಭೂಮಿಯ ಪ್ರಶ್ನೆ ಬಗೆಹರಿಯದೆ ಈ ದೇಶ ನಿಲ್ಲದು. ಅಷ್ಟು ನಿಖರವಾದ ಸುದ್ದಿಯನ್ನು ಯಾವ ಗೂಢಚಾರನೂ ಸರ್ಕಾರಕ್ಕೆ ತಂದುಕೊಡಲಾರ. ಸರ್ಕಾರ ಆ ಸುದ್ದಿ ಬರುವ ದಾರಿಯನ್ನೇ ಮುಚ್ಚಿತು. 1917ರ ಕ್ರಾಂತಿಯ ಕಥೆ ಹೇಳುವವರು ಸಾಮಾನ್ಯವಾಗಿ ಮಹಾಯುದ್ಧದಿಂದ, ಅರಮನೆಯಲ್ಲಿ ಪ್ರಭಾವ ಬೆಳೆಸಿದ್ದ ರಾಸ್ಪುಟಿನ್‌ನಿಂದ ಶುರುಮಾಡುತ್ತಾರೆ. ನಾನು 1907ರ ಜೂನ್ 3ರಿಂದ ಶುರುಮಾಡುತ್ತೇನೆ.

ಮೂರನೇ ಡೂಮಾ ಬೇಕಾದಂತೆಯೇ ಬಂತು. 154 ಸ್ಥಾನ ಪಡೆದವರು, ಅಕ್ಟೋಬರ್ ಘೋಷಣೆಯೇ ಸಾಕು ಎನ್ನುವ ಆಕ್ಟೋಬ್ರಿಸ್ಟರು. ಮಾಸ್ಕೋದ ವ್ಯಾಪಾರಿ ಮನೆತನದ ಅಲೆಕ್ಸಾಂದರ್ ಗುಚ್ಕೋವ್ ಅವರ ನಾಯಕ. ಅವರು ಬಲಕ್ಕೆ ವಾಲಿದರೆ ಒಂದು ಬಹುಮತ, ಎಡಕ್ಕೆ ವಾಲಿದರೆ ಇನ್ನೊಂದು. ಸಭೆ ಐದು ವರ್ಷದ ಪೂರ್ಣಾವಧಿ ನಡೆಯಿತು. ಸಣ್ಣಪುಟ್ಟ ಮಂಜೂರಾತಿಗಳ ಮಸೂದೆಗಳು ಎಷ್ಟು ಬರುತ್ತಿದ್ದವೆಂದರೆ ಅವನ್ನು ಸದಸ್ಯರೇ ‘ಶಾಸನದ ಶ್ಯಾವಿಗೆ’ ಎನ್ನುತ್ತಿದ್ದರು. ಕೆಲಸವೇ ಆಗಲಿಲ್ಲವೆಂದಲ್ಲ. ಶಾಲೆಗಳಿಗೆ ಹಣ ಏರಿತು, ಕಾರ್ಮಿಕರ ವಿಮೆಯ ಕಾನೂನು 1912ರಲ್ಲಿ ಬಂತು, ಬಜೆಟ್ಟಿನ ಸಾಲುಸಾಲನ್ನೂ ಓದುವ ಅಭ್ಯಾಸ ಬೆಳೆಯಿತು. ಕಡೆಟ್ಟರ ಅಂದ್ರೇಯ್ ಶಿಂಗರ್ಯೋವ್ ಎಂಬ ಹಳ್ಳಿ ಡಾಕ್ಟರ್ ಹಣಕಾಸಿನ ಅಂಕಿಗಳನ್ನು ಅರೆದು ಕುಡಿದು ಮಂತ್ರಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ. ಸೋಲು ಖಚಿತವಾದ ಮತದಾನಕ್ಕೂ ಹೀಗೆ ಸಿದ್ಧವಾಗಿ ಬರುತ್ತಿದ್ದವರ ಬಗ್ಗೆ ನನಗೆ ಗೌರವವಿದೆ.

ಆ ಸಭೆ ಸೇರಿದ ಮೊದಲ ತಿಂಗಳಲ್ಲೇ, 1907ರ ನವೆಂಬರ್ 17ರಂದು, ರೋದಿಚೆವ್ ವೇದಿಕೆ ಹತ್ತಿದ. 1895ರ ಮನವಿ ಬರೆದವನೇ. ನೇಣುಗಳ ಮಾತು ಬಂದಾಗ, ಮುಂದಿನ ತಲೆಮಾರು ಇದನ್ನು ಸ್ತೊಲಿಪಿನ್‌ನ ಕೊರಳಪಟ್ಟಿ ಎಂದು ಕರೆದೀತು ಎಂದು ಕೈಯಿಂದ ಕುಣಿಕೆಯ ಸನ್ನೆ ಮಾಡಿದ. ಸಭೆ ಅಲ್ಲೋಲಕಲ್ಲೋಲವಾಯಿತು. ಸ್ತೊಲಿಪಿನ್ ಎದ್ದುಹೋಗಿ ಇಬ್ಬರು ಮಂತ್ರಿಗಳ ಕೈಯಲ್ಲಿ ದ್ವಂದ್ವಯುದ್ಧದ ಕರೆ ಕಳಿಸಿದ. ರೋದಿಚೆವ್ ಕ್ಷಮೆ ಕೇಳಬೇಕಾಯಿತು. ಸಭೆ ಆತನನ್ನು 15 ಬೈಠಕ್‌ಗಳಿಗೆ ಹೊರಹಾಕಿತು. ಆದರೆ ಆ ಮಾತನ್ನು ಹೊರಹಾಕಲು ಯಾರಿಗೂ ಆಗಲಿಲ್ಲ.

1908ರಲ್ಲಿ ಹಣಕಾಸು ಮಂತ್ರಿ ಕೊಕೊವ್ತ್ಸೋವ್, ದೇವರ ದಯೆ, ನಮ್ಮಲ್ಲಿ ಪಾರ್ಲಿಮೆಂಟ್ ಇಲ್ಲ ಎಂದು ಡೂಮಾದೊಳಗೇ ನಿಂತು ಹೇಳಿದ. ಮರುವರ್ಷ ಲಂಡನ್ನಿನಲ್ಲಿ ಮಿಲ್ಯುಕೋವ್, ಬಜೆಟ್ ನೋಡುವ ಸಭೆ ಇರುವವರೆಗೂ ನಾವು ದೊರೆಗೆ ವಿರೋಧಿಗಳಲ್ಲ, ದೊರೆಯ ವಿರೋಧಪಕ್ಷ ಎಂದ. ಈ ಎರಡು ಮಾತುಗಳ ನಡುವೆಯೇ ಆ ಕಾಲದ ಪಕ್ಷ ರಾಜಕಾರಣವೆಲ್ಲ ನಡೆಯಿತು. ಪಾರ್ಲಿಮೆಂಟ್ ಇದೆ ಎಂದು ನಡೆದುಕೊಂಡರೆ ಒಂದು ದಿನ ಅದು ನಿಜಕ್ಕೂ ಇರುತ್ತದೆ ಎಂಬುದು ಉದಾರವಾದಿಗಳ ನಂಬಿಕೆ.

ಸ್ತೊಲಿಪಿನ್‌ಗೆ ತಾನು ಕಟ್ಟಿಸಿದ ಸಭೆಯೂ ಸಾಲದೆ ಬಂತು. 1911ರ ಮಾರ್ಚ್‌ನಲ್ಲಿ ಪಶ್ಚಿಮ ಪ್ರಾಂತ್ಯಗಳ ಜೆಮ್‌ಸ್ತ್ವೊ ಮಸೂದೆಯನ್ನು ರಾಜ್ಯ ಪರಿಷತ್ತು ತಿರಸ್ಕರಿಸಿತು. ಆತ ಎರಡೂ ಸದನಗಳನ್ನು ಮೂರು ದಿನ ಅಮಾನತಿನಲ್ಲಿಡಿಸಿ, ಆ ಸಂದಿನಲ್ಲಿ 87ನೇ ವಿಧಿ ಬಳಸಿ ಅದನ್ನೇ ಜಾರಿ ಮಾಡಿದ. ಆಗ ಡೂಮಾದ ಅಧ್ಯಕ್ಷನಾಗಿದ್ದ ಗುಚ್ಕೋವ್ ರಾಜೀನಾಮೆ ಕೊಟ್ಟ. ಸರ್ಕಾರದ ಆಸರೆಯಾಗಿದ್ದ ಪಕ್ಷವೇ ಮುಖ ತಿರುಗಿಸಿತು. ಆ ಸೆಪ್ಟೆಂಬರ್ 1ರಂದು ಕೀವ್ ನಗರದ ನಾಟಕಶಾಲೆಯಲ್ಲಿ, ದೊರೆಯ ಕಣ್ಣೆದುರೇ, ದ್ಮಿತ್ರಿ ಬೊಗ್ರೋವ್ ಎಂಬಾತ ಸ್ತೊಲಿಪಿನ್‌ಗೆ ಗುಂಡಿಟ್ಟ. ಬೊಗ್ರೋವ್ ಗುಪ್ತ ಪೊಲೀಸರ ಬಾತ್ಮೀದಾರ. ಒಳಗೆ ಬರುವ ಟಿಕೆಟ್ಟನ್ನು ಆತನಿಗೆ ಕೊಟ್ಟವರು ಪೊಲೀಸರೇ.

1912ರ ಚುನಾವಣೆಯಲ್ಲಿ ಸರ್ಕಾರ ಚರ್ಚಿನ ಪಾದ್ರಿಗಳನ್ನು ಭೂಮಾಲೀಕರ ಪಂಗಡದಲ್ಲಿ ಸಾಲುಸಾಲಾಗಿ ತಂದು ಮತ ಹಾಕಿಸಿತು, ಬಲಪಂಥದ ಪಕ್ಷ–ಪತ್ರಿಕೆಗಳಿಗೆ ಗುಟ್ಟಾಗಿ ಹಣ ಹರಿಸಿತು. ಆದರೆ ನಾಲ್ಕನೇ ಡೂಮಾದ ಕಥೆಗಳಲ್ಲಿ ಎಲ್ಲಕ್ಕಿಂತ ಕಳವಳದ್ದು ಕಾರ್ಮಿಕರ ಪಂಗಡದಿಂದ ಮಾಸ್ಕೋ ಆರಿಸಿ ಕಳಿಸಿದ ರೊಮಾನ್ ಮಲಿನೊವ್‌ಸ್ಕಿಯದು. ಲೋಹದ ಕೆಲಸಗಾರ, ಬೊಲ್ಶೆವಿಕ್, ಲೆನಿನ್ನನ ನೆಚ್ಚಿನವನು, ಸಭೆಯಲ್ಲಿ ಗುಡುಗುವ ಮಾತುಗಾರ. ಹಿಂದೆ ಕಳ್ಳತನಕ್ಕೆ ಶಿಕ್ಷೆಯಾಗಿದ್ದವನು ಚುನಾವಣೆಗೆ ನಿಲ್ಲುವಂತಿರಲಿಲ್ಲ. ಆ ಅಡ್ಡಿ ಬಾರದಂತೆ ನೋಡಿಕೊಂಡದ್ದು ಪೊಲೀಸ್ ಇಲಾಖೆ. ಯಾಕೆಂದರೆ ಆತ ಅವರ ಸಂಬಳದಾಳು, ತಿಂಗಳಿಗೆ 500 ರೂಬಲ್, ಆಮೇಲೆ 700. ಸರ್ಕಾರವನ್ನು ಬಯ್ಯುವ ಆತನ ಭಾಷಣಗಳು ಪೊಲೀಸ್ ಇಲಾಖೆಯ ಮುಖ್ಯಸ್ಥನ ಕೈ ದಾಟಿ ಸಭೆಗೆ ಬರುತ್ತಿದ್ದವು. ಎಡಪಕ್ಷದವರು ಒಂದಾಗದಂತೆ ಒಡಕು ಬೆಳೆಸುವುದು ಇಲಾಖೆಯ ಉದ್ದೇಶ. ಒಳಾಡಳಿತದ ಉಪಮಂತ್ರಿಯಾಗಿ ಬಂದ ಜುಂಕೋವ್‌ಸ್ಕಿ ಇದನ್ನು ತಿಳಿದು ಹೇಸಿ, ಡೂಮಾ ಅಧ್ಯಕ್ಷ ಮಿಖಾಯಿಲ್ ರೊದ್ಜಿಯಾಂಕೊಗೆ ಗುಟ್ಟಾಗಿ ತಿಳಿಸಿ, ಹಣ ಕೊಟ್ಟು ಆತನನ್ನು 1914ರ ಮೇ ತಿಂಗಳಲ್ಲಿ ದೇಶ ಬಿಡಿಸಿದ. ಮಾಸ್ಕೋದ ಕಾರ್ಮಿಕರು ಮಾತ್ರ ತಮ್ಮ ಒಂದೇ ಒಂದು ದನಿಯನ್ನು ತಾವೇ ಆರಿಸಿದ್ದೇವೆಂದು ತಿಳಿದಿದ್ದರು.

1914ರಲ್ಲಿ ಮಹಾಯುದ್ಧ ಬಂದಾಗ ಸಭೆ ದೊರೆಯ ಹಿಂದೆ ನಿಂತಿತು. ಯುದ್ಧಕ್ಕೆ ಒಪ್ಪದ ಐವರು ಬೊಲ್ಶೆವಿಕ್ ಪ್ರತಿನಿಧಿಗಳನ್ನು ಬಂಧಿಸಿ ಸೈಬೀರಿಯಕ್ಕೆ ಅಟ್ಟಿದರು. 1915ರ ಬೇಸಿಗೆಯಲ್ಲಿ ಪೋಲೆಂಡ್ ಕೈತಪ್ಪಿ, ಸೈನಿಕರಿಗೆ ಮದ್ದುಗುಂಡಿಲ್ಲವೆಂಬ ಸುದ್ದಿ ಬಂದ ಮೇಲೆ, ಆಗಸ್ಟ್‌ನಲ್ಲಿ ಕಡೆಟ್ಟರಿಂದ ಹಿಡಿದು ರಾಷ್ಟ್ರವಾದಿಗಳ ಒಂದು ಭಾಗದವರೆಗೆ 236 ಜನ ಸೇರಿ ಪ್ರಗತಿಪರ ಕೂಟ ಕಟ್ಟಿದರು. ಇವರು ದಂಗೆಕೋರರಲ್ಲ. ಜಮೀನ್ದಾರರ ಮತದಿಂದ ಬಂದ, ದೊರೆಯ ಕಾನೂನೇ ಸೋಸಿ ತೆಗೆದ ಜನ. ದೇಶಕ್ಕೆ ವಿಶ್ವಾಸವಿರುವ ಮಂತ್ರಿಮಂಡಲ ಕೊಡಿ ಎಂದಷ್ಟೇ ಕೇಳಿದರು. ಸಭೆಗೆ ಉತ್ತರದಾಯಿಯಾಗಿರಲಿ ಎಂದೂ ಕೇಳಲಿಲ್ಲ. ಹಲವು ಮಂತ್ರಿಗಳಿಗೂ ಇದು ಒಪ್ಪಿಗೆಯಿತ್ತು. ಅಷ್ಟರಲ್ಲಿ ಸೇನಾ ಪಾಳೆಯಕ್ಕೆ ಹೋಗಿದ್ದ ದೊರೆ ಸೆಪ್ಟೆಂಬರ್ 3ರಂದು ಅಧಿವೇಶನವನ್ನೇ ನಿಲ್ಲಿಸಿದ. ಡೂಮಾ ಹುಟ್ಟಿ ಹತ್ತು ವರ್ಷವಾಗುತ್ತ ಬಂದಾಗ, 1916ರ ಫೆಬ್ರುವರಿಯಲ್ಲಿ, ಆತ ಟಾರೀಡ್ ಅರಮನೆಗೆ ಬಂದದ್ದುಂಟು. ಅದೇ ಮೊದಲು, ಅದೇ ಕೊನೆ.

ಆ ನವೆಂಬರ್ 1ರಂದು ಮಿಲ್ಯುಕೋವ್ ಸರ್ಕಾರದ ಒಂದೊಂದು ವೈಫಲ್ಯವನ್ನೂ ಎತ್ತಿ, ಇದು ಮೂರ್ಖತನವೋ ದ್ರೋಹವೋ ಎಂದು ಪದೇಪದೇ ಕೇಳಿದ. ಸೆನ್ಸಾರ್ ತಡೆದರೂ ಭಾಷಣದ ಪ್ರತಿಗಳು ಟೈಪಾಗಿ ಕಂದಕಗಳವರೆಗೆ ಹೋದವು. ದ್ರೋಹಕ್ಕೆ ಪುರಾವೆ ಇರಲಿಲ್ಲ, ಮತ್ತು ಅಷ್ಟು ಓದಿದ ಇತಿಹಾಸಕಾರ ಅದನ್ನು ಹೇಳಬಾರದಿತ್ತು. ಆದರೆ ಹತ್ತು ವರ್ಷ ನೇರ ಉತ್ತರ ಸಿಗದ ಸಭೆಯಲ್ಲಿ ಕೊನೆಗೆ ಸಂಶಯವೇ ಭಾಷೆಯಾಗುತ್ತದೆ.

1917ರ ಫೆಬ್ರುವರಿ ಕೊನೆಯ ವಾರ ರೊಟ್ಟಿಗಾಗಿ ಬೀದಿಗಿಳಿದ ಹೆಂಗಸರ ಹಿಂದೆ ಇಡೀ ಪೆಟ್ರೊಗ್ರಾಡ್ (ಪೀಟರ್ಸ್‌ಬರ್ಗಿನ ಹೊಸ ಹೆಸರು) ಬೀದಿಗಿಳಿಯಿತು. ಪ್ರಧಾನಿ ಗೊಲಿತ್ಸಿನ್‌ನ ಬಳಿ ದೊರೆ ಮೊದಲೇ ಸಹಿ ಮಾಡಿಟ್ಟಿದ್ದ ತಾರೀಖಿಲ್ಲದ ಆಜ್ಞೆಗಳಿದ್ದವು. 26ರ ರಾತ್ರಿ ಆತ ಅವುಗಳಲ್ಲಿ ಒಂದಕ್ಕೆ ತಾರೀಖು ಬರೆದು ಡೂಮಾವನ್ನು ಅಮಾನತಿನಲ್ಲಿಟ್ಟ. ಮರುದಿನ ಸೈನ್ಯವೇ ತಿರುಗಿ ಬಿದ್ದಿತ್ತು, ನ್ಯಾಯಾಲಯ ಹೊತ್ತಿ ಉರಿಯುತ್ತಿತ್ತು. ಪ್ರತಿನಿಧಿಗಳು ಆಜ್ಞೆಯನ್ನು ಮುರಿಯಲಿಲ್ಲ. ಸಭಾಂಗಣದಲ್ಲಿ ಕೂರದೆ ಪಕ್ಕದ ಕೋಣೆಗೆ ಹೋಗಿ, ಇದು ಖಾಸಗಿ ಸಮಾಲೋಚನೆ ಎಂದು ಹೆಸರಿಟ್ಟು ಚರ್ಚಿಸಿದರು. ಅಂಜಿಕೆ ಎಂದು ಇದನ್ನು ಹಲವರು ಹೀಗಳೆದಿದ್ದಾರೆ. ಅಂಜಿಕೆ ಇತ್ತು. ಜೊತೆಗೆ, ನಿಮ್ಮನ್ನು ಆರಿಸಿದವರು ಯಾರು ಎಂದು ಬೀದಿಯಿಂದ ಯಾರಾದರೂ ಕೇಳಿದರೆ ಅವರ ಬಳಿ ಉತ್ತರವಿರಲಿಲ್ಲ. ಜೂನ್ 3ರ ಕಾನೂನಿನಿಂದ ಬಂದವರು ದೇಶದ ಹೆಸರಿನಲ್ಲಿ ಅಧಿಕಾರ ಹಿಡಿಯುವುದು ಹೇಗೆ? ಅದೇ ಹೊತ್ತಿಗೆ ಅದೇ ಅರಮನೆಯ ಇನ್ನೊಂದು ಪಕ್ಕದಲ್ಲಿ ಕಾರ್ಮಿಕರು, ಸೈನಿಕರು ತಮ್ಮ ಮಂಡಳಿಯಾದ ಸೋವಿಯತ್ತನ್ನು ಕಟ್ಟುತ್ತಿದ್ದರು. ಅವರನ್ನು ಕಾರ್ಖಾನೆ, ಪಾಳೆಯಗಳು ಆರಿಸಿದ್ದವು. ಮಾರ್ಚ್ 2ರಂದು ಗುಚ್ಕೋವ್ ಮತ್ತು ರಾಜನಿಷ್ಠ ಪ್ರತಿನಿಧಿ ಶುಲ್ಗಿನ್ ಪ್ಸ್ಕೋವ್‌ಗೆ ಹೋಗಿ ದೊರೆಯ ಸಿಂಹಾಸನ ತ್ಯಾಗದ ಪತ್ರ ಪಡೆದರು. ಹಂಗಾಮಿ ಸರ್ಕಾರದಲ್ಲಿ ಮಿಲ್ಯುಕೋವ್, ಗುಚ್ಕೋವ್, ಶಿಂಗರ್ಯೋವ್ ಮಂತ್ರಿಗಳಾದರು. ಆ ವೇಳೆಗೆ ಮಾತು ಅವರ ಕೈಮೀರಿತ್ತು.

ಎಲ್ಲರೂ ಸಮಾನವಾಗಿ ಮತ ಹಾಕಿದ ಚುನಾವಣೆ ಆ ನವೆಂಬರ್‌ನಲ್ಲಿ, ಸಂವಿಧಾನ ಸಭೆಗಾಗಿ ನಡೆಯಿತು. ಅಷ್ಟರಲ್ಲಿ ಬೊಲ್ಶೆವಿಕರು ಅಧಿಕಾರ ಹಿಡಿದಿದ್ದರು. ನಾಲ್ಕು ಕೋಟಿಗೂ ಹೆಚ್ಚು ಜನ, ಹೆಂಗಸರೂ ಸೈನಿಕರೂ ಸೇರಿ, ಮತ ಹಾಕಿದರು. ಬೊಲ್ಶೆವಿಕರಿಗೆ ಬಂದದ್ದು ಸುಮಾರು ಕಾಲು ಭಾಗ. ರೈತರ ಮತದಿಂದ ಎಲ್ಲರಿಗಿಂತ ಮುಂದೆ ಬಂದವರು ಸೋಷಿಯಲಿಸ್ಟ್ ರೆವಲ್ಯೂಷನರಿಗಳು. ಹಳ್ಳಿ 1906ರಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿತ್ತು. 1918ರ ಜನವರಿ 5ರಂದು ಟಾರೀಡ್ ಅರಮನೆಯಲ್ಲಿ ಸೇರಿದ ಆ ಸಭೆ ಭೂಮಿಯ ಕಾನೂನನ್ನು ಓದುತ್ತಿರುವಾಗಲೇ, ಮರುದಿನ ಬೆಳಗಿನ ಜಾವ, ಕಾವಲು ನಾವಿಕರು ಬಂದು ಏಳಿಸಿದರು. ಮತ್ತೆ ಸೇರಲು ಹೊಸ ಸರ್ಕಾರ ಬಿಡಲಿಲ್ಲ. ಆ ಸಭೆಗೆ ಆರಿಸಿಬಂದಿದ್ದ ಶಿಂಗರ್ಯೋವ್‌ನನ್ನು ಮೊದಲೇ ಬಂಧಿಸಿದ್ದರು. ಜನವರಿ 6–7ರ ನಡುವಿನ ರಾತ್ರಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ನಾವಿಕರು ನುಗ್ಗಿ ಕೊಂದರು. ಪಕ್ಕದಲ್ಲಿ ಇನ್ನೊಬ್ಬನನ್ನೂ ಕೊಂದರು: ಫ್ಯೋದರ್ ಕೊಕೊಶ್ಕಿನ್, ಕಾನೂನು ಪ್ರಾಧ್ಯಾಪಕ, ಮೊದಲ ಡೂಮಾದ ಸದಸ್ಯ, ವೀಬೊರ್ಗಿನ ಕರೆಗೆ ಸಹಿ ಹಾಕಿ ಝಾರ್ ಕಾಲದಲ್ಲಿ ಜೈಲಿಗೆ ಹೋಗಿಬಂದವನು.